ಸಾಯದ ಮರಿ, ಬೆಳೆಯದ ಮರಿ: ಬ್ರಾಯ್ಲರ್ ಕೋಳಿಯ ಕರುಳಿನ ವೈರಸ್‌ಗಳು

ಶೆಡ್‌ಗೆ ಮರಿ ಬಿಟ್ಟು ಹನ್ನೆರಡು ದಿನ ಆಗಿದೆ ಅಂದುಕೊಳ್ಳಿ. ಎಲ್ಲವೂ ಒಂದೇ ಹ್ಯಾಚರಿಯಿಂದ, ಒಂದೇ ಗಾಡಿಯಲ್ಲಿ ಬಂದ ಮರಿಗಳು. ತಿನ್ನುವ ಫೀಡ್ ಒಂದೇ, ಕುಡಿಯುವ ನೀರೂ ಒಂದೇ. ಆದರೆ ಮೂಲೆಯಲ್ಲಿ ನಿಂತು ನೋಡಿದರೆ ಎರಡು ವಯಸ್ಸಿನ ಕೋಳಿಗಳನ್ನು ಒಟ್ಟಿಗೆ ಬಿಟ್ಟ ಹಾಗೆ ಕಾಣುತ್ತದೆ. ದೊಡ್ಡವು ಎರಡೂ ಕೈ ತುಂಬುವಷ್ಟು ಬೆಳೆದಿವೆ. ಸಣ್ಣವು ಮೊನ್ನೆ ಮೊನ್ನೆ ಮೊಟ್ಟೆ ಒಡೆದು ಬಂದ ಹಾಗಿವೆ. ಅವುಗಳ ತಲೆ, ಕುತ್ತಿಗೆ ಮೇಲೆ ಇನ್ನೂ ಹಳದಿ ತುಪ್ಪಳ. ರೆಕ್ಕೆಯ ಗರಿಗಳು ಮೈಗೆ ಅಂಟಿಕೊಳ್ಳದೆ ಅಡ್ಡಡ್ಡ ಚಾಚಿಕೊಂಡಿವೆ. ಕಾಲು ಬಿಳಿಚಿಕೊಂಡಿದೆ. ಹಿಕ್ಕೆ ನೀರಾಗಿದೆ, ಅದರಲ್ಲಿ ಅರಗದ ಫೀಡ್ ಹಾಗೇ ಕಾಣುತ್ತದೆ.

ಈ ಮರಿಗಳು ತಿನ್ನುವುದೇ ಇಲ್ಲ ಅಂತ ಅಲ್ಲ. ತಿನ್ನುತ್ತವೆ, ಕೆಲವು ಲಿಟ್ಟರನ್ನೂ, ಅಂದರೆ ನೆಲಕ್ಕೆ ಹಾಸಿದ ಹೊಟ್ಟನ್ನೂ, ಕುಕ್ಕಿ ತಿನ್ನುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ, ಅಷ್ಟೆ.

ಇದಕ್ಕೆ ಪಶುವೈದ್ಯರು ಇಟ್ಟಿರುವ ಹೆಸರು ರಂಟಿಂಗ್ ಸ್ಟಂಟಿಂಗ್ ಸಿಂಡ್ರೋಮ್. ಸುಲಭವಾಗಿ ಹೇಳಬೇಕೆಂದರೆ ಕುಳ್ಳ ಮರಿ ಕಾಯಿಲೆ. ಗರಿಗಳು ಪಂಖದ ಹಾಗೆ ಚಾಚಿಕೊಳ್ಳುವುದನ್ನು ನೋಡಿ ಕೆಲವು ದೇಶಗಳಲ್ಲಿ ‘ಹೆಲಿಕಾಪ್ಟರ್ ಕಾಯಿಲೆ’ ಅಂತಲೂ ಕರೆದರು. 1970ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಬ್ರಾಯ್ಲರ್ ಫಾರಂಗಳಿಂದ ಇದರ ವರದಿಗಳು ಬಂದವು. ಆಮೇಲೆ ಬ್ರಾಯ್ಲರ್ ಸಾಕಣೆ ಇರುವ ಕಡೆಯೆಲ್ಲ ಇದು ಕಾಣಿಸಿಕೊಂಡಿತು. ಹೆಚ್ಚುಕಮ್ಮಿ ಅರ್ಧ ಶತಮಾನ ಆಯಿತು. ಆದರೂ ‘ಇದು ಇಂಥ ವೈರಸ್‌ನಿಂದಲೇ ಬರುತ್ತದೆ’ ಎಂದು ಒಂದು ಹೆಸರನ್ನು ಬೆರಳಿಟ್ಟು ತೋರಿಸಲು ಆಗಿಲ್ಲ. ಯಾಕೆ ಆಗಿಲ್ಲ ಅನ್ನುವುದರಲ್ಲೇ ಈ ಕಾಯಿಲೆಯ ಸ್ವಭಾವ ಇದೆ.

ಹಕ್ಕಿಜ್ವರ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಬಂದಾಗ ಟಿವಿಯವರು ಬಂದರು, ಅಧಿಕಾರಿಗಳು ಬಂದರು, ಚಿಕನ್ ರೇಟು ಬಿತ್ತು. ಕರುಳಿನ ವೈರಸ್ ಬಂದರೆ ಯಾರೂ ಬರುವುದಿಲ್ಲ. ಯಾಕೆಂದರೆ ಹೇಳಿಕೊಳ್ಳುವಷ್ಟು ಕೋಳಿ ಸಾಯುವುದೇ ಇಲ್ಲ.

ಮೊದಲು ಕರುಳಿನ ಒಳಗೆ ಏನಾಗುತ್ತದೆ ನೋಡೋಣ.

ಬ್ರಾಯ್ಲರ್ ಮರಿ ಬರುವಾಗ 40, 45 ಗ್ರಾಂ ಇರುತ್ತದೆ. ಚೆನ್ನಾಗಿ ಸಾಕಿದರೆ ಏಳನೇ ದಿನಕ್ಕೆ ಅದರ ನಾಲ್ಕು ಪಟ್ಟು ದಾಟಬೇಕು. ನಲವತ್ತು ದಿನದೊಳಗೆ ಎರಡು ಕೆಜಿ ದಾಟಿ ಅಂಗಡಿ ಸೇರುತ್ತದೆ. ಇಷ್ಟು ಬೇಗ ಬೆಳೆಯಬೇಕಾದರೆ ಮೊದಲ ವಾರದಲ್ಲಿ ಮೈಗಿಂತ ವೇಗವಾಗಿ ಕರುಳು ಬೆಳೆಯಬೇಕು. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಚಿಕ್ಕ ಚಿಕ್ಕ ಎಳೆಗಳು ಒತ್ತೊತ್ತಾಗಿ ನಿಂತಿರುತ್ತವೆ. ಇವಕ್ಕೆ ವಿಲ್ಲೈ ಅನ್ನುತ್ತಾರೆ. ಫೀಡಿನ ಸತ್ವ ರಕ್ತಕ್ಕೆ ಸೇರುವುದು ಇವುಗಳ ಮೂಲಕ. ಇವುಗಳ ಬುಡದಲ್ಲಿ ಕ್ರಿಪ್ಟ್ ಎಂಬ ಗುಳಿಗಳಿವೆ. ಹೊಸ ಜೀವಕೋಶ ಹುಟ್ಟುವುದು ಅಲ್ಲಿ. ಹುಟ್ಟಿದ ಕೋಶ ಮೇಲೇರುತ್ತಾ ಬಲಿತು, ತುದಿ ಮುಟ್ಟಿ ಉದುರಿಹೋಗುತ್ತದೆ. ಭತ್ತದ ಗದ್ದೆಗೆ ಹೋಲಿಸಿದರೆ ಗುಳಿಗಳು ಸಸಿಮಡಿ, ಎಳೆಗಳು ನಾಟಿ ಮಾಡಿದ ಪೈರು.

ರೋಟಾವೈರಸ್ ಪೈರಿನ ತುದಿಯನ್ನು ಮೇಯುತ್ತದೆ. ತುದಿಯ ಬಲಿತ ಕೋಶಗಳಿಗೇ ಅದು ನುಗ್ಗುತ್ತದೆ. ಆಗ ಎಳೆಗಳು ಮೊಟಕಾಗುತ್ತವೆ, ಸತ್ವ ಹೀರುವ ಜಾಗ ಕಮ್ಮಿಯಾಗುತ್ತದೆ, ಅರಗದ ಆಹಾರ ನೀರನ್ನು ಎಳೆದುಕೊಂಡು ಹಿಕ್ಕೆಯಾಗಿ ಹೋಗುತ್ತದೆ. ಕುಳ್ಳ ಮರಿ ಕಾಯಿಲೆಯಲ್ಲಿ ಹಾನಿ ಇನ್ನೂ ಕೆಳಗೆ ಇಳಿಯುತ್ತದೆ. ಗುಳಿಗಳು ಊದಿಕೊಂಡು ಒಳಗೆ ಸತ್ತ ಕೋಶಗಳ ಕಸ ತುಂಬಿಕೊಳ್ಳುತ್ತದೆ. ಅಂದರೆ ಸಸಿಮಡಿಯೇ ಕೆಟ್ಟುಹೋಯಿತು. ಸೂಕ್ಷ್ಮದರ್ಶಕದಲ್ಲಿ ಈ ಊದಿದ ಗುಳಿಗಳನ್ನು ನೋಡಿದರೆ ವೈದ್ಯರು ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ, ಮಾಡಿದ ವೈರಸ್ ಯಾವುದು ಅಂತ ಗೊತ್ತಿಲ್ಲದಿದ್ದರೂ.

ಹೊರಗೆ ಕಾಣುವ ಲಕ್ಷಣಗಳೆಲ್ಲ ಇದರ ನೆರಳು. ಕಾಲಿನ ಹಳದಿ ಬಣ್ಣ ಬರುವುದು ಮೆಕ್ಕೆಜೋಳದ ಬಣ್ಣದಿಂದ. ಅದು ಹೀರಿಕೆಯಾಗದಿದ್ದರೆ ಕಾಲು ಬಿಳಿಚುತ್ತದೆ. ಕೊಬ್ಬಿನ ಜೊತೆ ಹೋಗಬೇಕಾದ ಡಿ ವಿಟಮಿನ್ ಹೋಗದಿದ್ದರೆ ಮೂಳೆ ಮೆತ್ತಗಾಗುತ್ತದೆ. ಗರಿಗೆ ಬೇಕಾದ ಪ್ರೋಟೀನ್ ಸಿಗದಿದ್ದರೆ ಗರಿ ಸೊಟ್ಟಗೆ ಬರುತ್ತದೆ.

ಕರುಳು ವಾಸಿಯಾಗುವುದಿಲ್ಲವೇ ಅಂದರೆ, ಬಹಳಷ್ಟು ಮರಿಗಳಲ್ಲಿ ಆಗುತ್ತದೆ. ಕರುಳಿನಷ್ಟು ಬೇಗ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಅಂಗ ಕಮ್ಮಿ. ಆದರೆ ಒಂದು ಕರು ಹತ್ತು ದಿನ ಭೇದಿಯಾಗಿ ಸೊರಗಿದರೆ ಮುಂದೆ ಎರಡು ವರ್ಷದಲ್ಲಿ ಸರಿಹೋಗಬಹುದು. ಬ್ರಾಯ್ಲರ್‌ಗೆ ಇರುವ ಆಯುಷ್ಯವೇ ನಲವತ್ತು ದಿನ. ಅದರಲ್ಲಿ ಹತ್ತು ದಿನ ಹೋದರೆ ಕಾಲು ಭಾಗ ಹೋಯಿತಲ್ವಾ?

ಈಗ ವೈರಸ್‌ಗಳ ವಿಷಯ. ಮುಖ್ಯವಾಗಿ ನಾಲ್ಕು ಬಳಗಗಳ ಹೆಸರು ಕೇಳಿಬರುತ್ತವೆ: ರೋಟಾ, ರಿಯೋ, ಆಸ್ಟ್ರೋ, ಪಾರ್ವೋ.

ರೋಟಾ ಹೆಸರು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಆರು, ಹತ್ತು, ಹದಿನಾಲ್ಕನೇ ವಾರ ಬಾಯಿಗೆ ಹಾಕಿಸುವ ಲಸಿಕೆ ಇದರದ್ದೇ. ನಮ್ಮ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮಕ್ಕೆ ಅದು 2016ರಲ್ಲಿ ಸೇರಿತು. ಕೋಳಿಯ ರೋಟಾ ಇದೇ ವಂಶದ ಬೇರೆ ಕವಲು. ವಿಜ್ಞಾನಿಗಳು ಡಿ, ಎಫ್, ಜಿ ಎಂದು ಗುರುತಿಸುವ ಗುಂಪುಗಳು ಹಕ್ಕಿಗಳಲ್ಲಿ ಕಾಣುವಂಥವು. ಮಕ್ಕಳಲ್ಲಿ ಜಾಸ್ತಿ ಕಾಣುವ ಎ ಗುಂಪು ಕೋಳಿಯಲ್ಲೂ ಸಿಗುತ್ತದೆ, ಆದರೆ ತಳಿಗಳು ಬೇರೆ.

ರಿಯೋದ ಹೆಸರಿನಲ್ಲೇ ಒಂದು ಕತೆ ಇದೆ. 1959ರಲ್ಲಿ ಈ ಹೆಸರಿಟ್ಟವರು ಪೋಲಿಯೋ ಹನಿ ಖ್ಯಾತಿಯ ಆಲ್ಬರ್ಟ್ ಸೇಬಿನ್. ರಿಯೋ ಅಂದರೆ ‘ಉಸಿರಾಟದ, ಕರುಳಿನ, ಅನಾಥ’ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರ. ವೈರಸ್ ಸಿಕ್ಕಿದೆ, ಅದು ತರುವ ಕಾಯಿಲೆ ಯಾವುದೆಂದು ಗೊತ್ತಿಲ್ಲ, ಹಾಗಾಗಿ ಅನಾಥ! ಮುಂದೆ ಕೋಳಿಯ ರಿಯೋಗೆ ಕೆಲಸ ಸಿಕ್ಕಿತು. ಅದರ ಕೆಲವು ತಳಿಗಳು ಕಾಲಿನ ಸ್ನಾಯುರಜ್ಜು ಊದಿಸಿ ಕೋಳಿಯನ್ನು ಕುಂಟಾಗಿಸುತ್ತವೆ. ಆದರೆ ಕರುಳಿನ ವಿಷಯದಲ್ಲಿ ಅದು ಇವತ್ತಿಗೂ ಅರ್ಧ ಅನಾಥವೇ.

ಆಸ್ಟ್ರೋ ಬಳಗದಲ್ಲಿ ಎರಡು ಮುಖ್ಯ. ಒಂದು ಕೋಳಿಯ ಆಸ್ಟ್ರೋವೈರಸ್. ಇನ್ನೊಂದನ್ನು 1970ರ ದಶಕದಲ್ಲಿ ಜಪಾನಿನಲ್ಲಿ ಬ್ರಾಯ್ಲರ್ ಮರಿಗಳಿಂದ ಬೇರ್ಪಡಿಸಿದರು. ಬಹಳ ವರ್ಷ ಅದನ್ನು ಬೇರೆ ಜಾತಿ ಅಂದುಕೊಂಡಿದ್ದರು. 2000ದ ಹೊತ್ತಿಗೆ ಅದರ ಜೀನ್ ಓದಿದಾಗ ಆಸ್ಟ್ರೋ ಎಂದು ತಿಳಿಯಿತು. ಅದು ಕರುಳಿನಿಂದ ಮೂತ್ರಪಿಂಡಕ್ಕೂ ಹೋಗುತ್ತದೆ. ಪಾರ್ವೋವೈರಸ್ ಅನ್ನು 1980ರ ದಶಕದಲ್ಲಿ ಹಂಗೇರಿಯಲ್ಲಿ ಕುಳ್ಳ ಮರಿಗಳಲ್ಲಿ ಕಂಡರು.

ಇಷ್ಟು ಗೊತ್ತಿದ್ದ ಮೇಲೆ ಪರೀಕ್ಷೆ ಮಾಡಿಸಿ, ವೈರಸ್ ಹಿಡಿದರೆ ಮುಗಿಯಿತಲ್ಲ ಅನ್ನಿಸಬಹುದು. ತೊಡಕು ಇರುವುದೇ ಇಲ್ಲಿ. ಅಮೆರಿಕದ ಜಾರ್ಜಿಯಾದ ಅಥೆನ್ಸ್‌ನಲ್ಲಿ ಕೃಷಿ ಇಲಾಖೆಯ ಕೋಳಿ ಸಂಶೋಧನಾ ಪ್ರಯೋಗಾಲಯ ಇದೆ. ಅಲ್ಲಿನವರು 2005, 2006ರಲ್ಲಿ ಹಲವು ಕಡೆಯ ಕೋಳಿ, ಟರ್ಕಿ ಫಾರಂಗಳ ಕರುಳಿನ ಮಾದರಿಗಳನ್ನು ಪಿಸಿಆರ್ (ವೈರಸ್‌ನ ಜೀನ್ ಹುಡುಕುವ ಪರೀಕ್ಷೆ) ಮಾಡಿ ನೋಡಿದರು. ಆಸ್ಟ್ರೋ, ರೋಟಾ, ರಿಯೋ ಧಾರಾಳವಾಗಿ ಸಿಕ್ಕವು. ಒಂದೇ ಹಿಂಡಿನಲ್ಲಿ ಎರಡು ಮೂರು ಒಟ್ಟಿಗೆ ಇದ್ದವು. ಆದರೆ ಚೆನ್ನಾಗಿ ಬೆಳೆಯುತ್ತಿದ್ದ ಹಿಂಡುಗಳಲ್ಲೂ ಅವೇ ವೈರಸ್‌ಗಳು! ಬೇರೆ ದೇಶಗಳಲ್ಲಿ ನೋಡಿದವರಿಗೂ ಸಿಕ್ಕಿದ್ದು ಹೀಗೇ.

ಹಾಗಾಗಿ ‘ನಿಮ್ಮ ಮರಿಗಳಲ್ಲಿ ಆಸ್ಟ್ರೋ ಪಾಸಿಟಿವ್’ ಎಂಬ ಚೀಟಿ ಒಂದರಿಂದಲೇ ಏನೂ ತೀರ್ಮಾನ ಆಗುವುದಿಲ್ಲ. ಕಳ್ಳತನ ಆದ ಮನೆಯ ಬೀದಿಯಲ್ಲಿ ಒಬ್ಬ ಓಡಾಡಿದ್ದ ಅನ್ನುವುದು ಸಾಕ್ಷಿ ಅಲ್ಲ. ಅವನು ಆ ಬೀದಿಯವನೇ ಆಗಿರಬಹುದು.

ಹಾಗಂತ ವೈರಸ್‌ಗಳು ಅಮಾಯಕ ಅಂತಲೂ ಅಲ್ಲ. ಕಾಯಿಲೆ ಬಂದ ಮರಿಗಳ ಕರುಳಿನ ರಸವನ್ನು ಬ್ಯಾಕ್ಟೀರಿಯಾ ದಾಟದಷ್ಟು ಸಣ್ಣ ಜಾಲರಿಯಲ್ಲಿ ಸೋಸಿ ಒಂದು ದಿನದ ಮರಿಗೆ ಕುಡಿಸಿದರೂ ಕಾಯಿಲೆ ಬರುತ್ತದೆ. ಕಾಯಿಲೆ ಬಂದ ಶೆಡ್ಡಿನ ಲಿಟ್ಟರ್ ಮೇಲೆ ಹೊಸ ಮರಿ ಬಿಟ್ಟರೂ ಬರುತ್ತದೆ. 2013ರಲ್ಲಿ ಅಥೆನ್ಸ್‌ನವರು ಪಾರ್ವೋವೈರಸ್ ಕೊಟ್ಟು ಬ್ರಾಯ್ಲರ್ ಮರಿಗಳಲ್ಲಿ ಕುಳ್ಳತನ ತರಿಸಿ ತೋರಿಸಿದರು. 2018ರಲ್ಲಿ ಅದೇ ಊರಿನ ಜಾರ್ಜಿಯಾ ವಿಶ್ವವಿದ್ಯಾಲಯದವರು ಆಸ್ಟ್ರೋವೈರಸ್‌ನಿಂದ ಅದನ್ನೇ ತೋರಿಸಿದರು. ಒಂದೇ ಊರು, ಒಂದೇ ಕಾಯಿಲೆ, ಎರಡು ಬೇರೆ ಬೇರೆ ಅಪರಾಧಿಗಳು. ನನಗೆ ಕಾಣುವ ಮಟ್ಟಿಗೆ ಎರಡೂ ನಿಜ. ಎಳೆ ಕರುಳಿಗೆ ಏಟು ಬೀಳಬೇಕು, ಅಷ್ಟೆ. ಏಟು ಕೊಡುವ ಕೈ ಬೇರೆ ಬೇರೆ ಇರಬಹುದು, ಕೆಲವೊಮ್ಮೆ ಎರಡು ಮೂರು ಕೈ ಸೇರಿಯೂ ಇರಬಹುದು.

ಯಾವ ವೈರಸ್ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆಯಲ್ಲಿ ಇನ್ನೂ ಸ್ವಲ್ಪ ಹಳದಿ ಭಂಡಾರ ಉಳಿದಿರುತ್ತದೆ. ತಾಯಿ ಕೊಟ್ಟ ಪ್ರತಿಕಾಯಗಳು ಬರುವುದೂ ಅದರಿಂದಲೇ. ಕರುಳಿಗೆ ಸ್ವಂತ ಕಾವಲು ಬರಲು ಒಂದೆರಡು ವಾರ ಬೇಕು. ಈ ನಡುವಿನ ದಿನಗಳಲ್ಲಿ ಮರಿಗೆ ಇರುವ ರಕ್ಷಣೆ ಎರಡೇ: ತಾಯಿ ಕೊಟ್ಟದ್ದು, ಶೆಡ್ಡಿನ ಶುಚಿತ್ವ. ಮೂರನೇ ದಿನ ಹೊಕ್ಕ ವೈರಸ್ ಮಾಡುವ ಹಾನಿಯನ್ನು ಅದೇ ವೈರಸ್ ಇಪ್ಪತ್ತನೇ ದಿನ ಹೊಕ್ಕರೆ ಮಾಡಲಾರದು. ಆರೋಗ್ಯವಾಗಿದ್ದ ಹಿಂಡಿನಲ್ಲೂ ವೈರಸ್ ಸಿಕ್ಕಿದ್ದರ ಗುಟ್ಟು ಬಹುಪಾಲು ಇದೇ ಇರಬೇಕು.

ನಮ್ಮ ದೇಶದಲ್ಲಿ ಆಸ್ಟ್ರೋವೈರಸ್ ಹೆಸರು ಓಡಾಡಿದ್ದು ಭೇದಿಯಿಂದಲ್ಲ, ಗೌಟ್‌ನಿಂದ. 2011, 2012ರಲ್ಲಿ ಹಲವು ಕಡೆ ಎಳೆ ಬ್ರಾಯ್ಲರ್ ಮರಿಗಳು ಸತ್ತವು. ಕೆಲವು ಹಿಂಡುಗಳಲ್ಲಿ ಸಾವು ನೂರಕ್ಕೆ 40ರವರೆಗೆ ಹೋಯಿತು. ಕೊಯ್ದು ನೋಡಿದರೆ ಹೃದಯ, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಮೂತ್ರಪಿಂಡ ಕೆಟ್ಟು, ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಹರಳುಗಟ್ಟಿತ್ತು. ಗೌಟ್ ಅಂದರೆ ಇದೇ. ಇಂಥದ್ದು ಬಂದಾಗ ಮೊದಲು ಬೈಸಿಕೊಳ್ಳುವುದು ಫೀಡ್. ಪ್ರೋಟೀನ್ ಜಾಸ್ತಿ ಆಯಿತು, ಸುಣ್ಣದಂಶ ಜಾಸ್ತಿ ಆಯಿತು, ಉಪ್ಪು ಜಾಸ್ತಿ ಆಯಿತು ಅಂತ. ದೂರದಿಂದ ಮರಿ ತರುವಾಗ ನೀರಿಲ್ಲದೆ ಒಣಗಿದವು ಅಂತಲೂ ಹೇಳುತ್ತಾರೆ. ಈ ಕಾರಣಗಳು ಸುಳ್ಳಲ್ಲ, ಇವುಗಳಿಂದಲೂ ಗೌಟ್ ಬರುತ್ತದೆ. ಆದರೆ 2013ರಲ್ಲಿ ಭಾರತದ ಸಂಶೋಧಕರು ಸತ್ತ ಮರಿಗಳಿಂದ ಕೋಳಿಯ ಆಸ್ಟ್ರೋವೈರಸ್ ಬೇರ್ಪಡಿಸಿ, ಆರೋಗ್ಯವಂತ ಮರಿಗಳಿಗೆ ಕೊಟ್ಟು, ಗೌಟ್ ತರಿಸಿ ತೋರಿಸಿದರು. ಮನೆಮದ್ದು ಅಂತ ಬೆಲ್ಲದ ನೀರು ಕೊಟ್ಟು, ಸುಮ್ನೆ ಫೀಡ್ ಕಂಪನಿಯನ್ನು ಬೈಯುತ್ತಾ ಕೂತರೆ ಇಂಥ ಗೌಟ್‌ನ ಮೂಲ ಸಿಗುವುದಿಲ್ಲ.

ಇನ್ನೊಂದು ವಿಷಯ ಇದೆ. ಈ ಆಸ್ಟ್ರೋವೈರಸ್ ತಾಯಿ ಕೋಳಿಯಿಂದ ಮೊಟ್ಟೆಯೊಳಗೆ ಇಳಿಯಬಲ್ಲದು. ಮೊಟ್ಟೆ ಇಡುವ ವಯಸ್ಸಿನಲ್ಲಿ ತಾಯಿ ಹಿಂಡಿಗೆ ಮೊದಲ ಸಲ ಸೋಂಕು ತಗುಲಿದರೆ ಕೆಲವು ದಿನ ಮೊಟ್ಟೆಗಳಲ್ಲಿ ವೈರಸ್ ಹೋಗುತ್ತದೆ. ಆಮೇಲೆ ತಾಯಿಗೆ ಪ್ರತಿಕಾಯ ಹುಟ್ಟಿ, ಅದೇ ತಾಯಿಯ ಮರಿಗಳಿಗೆ ರಕ್ಷಣೆ ಸಿಗತೊಡಗುತ್ತದೆ. ಫಿನ್ಲೆಂಡ್, ನಾರ್ವೆ, ಕೆನಡಾದಲ್ಲಿ ಹೀಗೆ ಸೋಂಕು ಹೊತ್ತ ಮರಿಗಳು ಬಿಳಿಚಿದ ತುಪ್ಪಳದೊಂದಿಗೆ, ನಿಲ್ಲಲೂ ಶಕ್ತಿ ಇಲ್ಲದೆ ಹುಟ್ಟಿದವು. ಅದಕ್ಕೆ ‘ಬಿಳಿ ಮರಿ’ ಕಾಯಿಲೆ ಎಂದೇ ಹೆಸರಾಯಿತು. ಅಂದರೆ ರೈತ ಬಾಕ್ಸ್ ತೆರೆಯುವ ಮುಂಚೆಯೇ ಮರಿಯ ಹಣೆಬರಹ ಅರ್ಧ ಬರೆದಾಗಿರಬಹುದು.

ದುಡ್ಡಿನ ಮಾತಿಗೆ ಬಂದರೆ ಇದು ಇನ್ನೂ ಗಂಭೀರ. ನಮ್ಮಲ್ಲಿ ಬ್ರಾಯ್ಲರ್ ಸಾಕಣೆ ಬಹಳಷ್ಟು ನಡೆಯುವುದು ಕಾಂಟ್ರಾಕ್ಟ್ ಮೇಲೆ. ಕಂಪನಿ ಮರಿ, ಫೀಡ್, ಔಷಧಿ ಕೊಡುತ್ತದೆ. ರೈತ ಶೆಡ್, ಕರೆಂಟ್, ನೀರು, ಹೊಟ್ಟು, ದುಡಿಮೆ ಹಾಕುತ್ತಾನೆ. ಕೊನೆಗೆ ಕೆಜಿಗೆ ಇಷ್ಟು ಅಂತ ಗ್ರೋಯಿಂಗ್ ಚಾರ್ಜ್. ಅದು ಏರುವುದೂ ಇಳಿಯುವುದೂ ಎಫ್‌ಸಿಆರ್ ಮೇಲೆ, ಅಂದರೆ ಒಂದು ಕೆಜಿ ಕೋಳಿಗೆ ಎಷ್ಟು ಕೆಜಿ ಫೀಡ್ ಹೋಯಿತು ಅನ್ನುವುದರ ಮೇಲೆ.

ಲೆಕ್ಕ ಹಾಕಿ ನೋಡೋಣ. 5,000 ಕೋಳಿ, ತಲಾ 2 ಕೆಜಿ, ಒಟ್ಟು 10,000 ಕೆಜಿ. ಎಫ್‌ಸಿಆರ್ 1.6 ಇದ್ದರೆ 16,000 ಕೆಜಿ ಫೀಡ್ ಸಾಕು. ಅದು 1.7 ಆದರೆ 17,000 ಕೆಜಿ ಬೇಕು. ಬರೀ ಒಂದು ದಶಾಂಶಕ್ಕೆ ಒಂದು ಟನ್, ಅಂದರೆ 50 ಕೆಜಿಯ 20 ಮೂಟೆ ಫೀಡ್ ಹಿಕ್ಕೆಯಾಗಿ ಹೋಯಿತು. ಫೀಡ್ ಕೆಜಿಗೆ 40 ರೂಪಾಯಿ ಅಂತ ಹಿಡಿದರೆ 40,000 ರೂಪಾಯಿ. ಇದರಲ್ಲಿ ಒಂದು ಕೋಳಿಯೂ ಸತ್ತಿಲ್ಲ ನೋಡಿ! ಸಾವಿನ ಪುಸ್ತಕದಲ್ಲಿ ಎಲ್ಲ ನೆಟ್ಟಗಿದೆ. ಮೇಲಾಗಿ ಸೈಜ್ ಒಂದೇ ಸಮ ಇಲ್ಲದ ಲಾಟ್ ಅಂದರೆ ಲಿಫ್ಟಿಂಗ್‌ಗೆ ಬರುವವರು ಮುಖ ಸಿಂಡರಿಸುತ್ತಾರೆ, ಸಣ್ಣವನ್ನು ಬಿಟ್ಟು ಹೋಗುತ್ತಾರೆ. ಉಳಿದವು ಇನ್ನೂ ನಾಲ್ಕು ದಿನ ಫೀಡ್ ತಿನ್ನುತ್ತವೆ.

ನನ್ನ ತಕರಾರು ಇಲ್ಲಿ. ತಾಯಿ ಹಿಂಡಿಗೆ ಯಾವ ಲಸಿಕೆ, ಯಾವ ವಯಸ್ಸಿನ ತಾಯಿಯ ಮರಿ ಯಾರಿಗೆ, ಒಂದು ಬ್ಯಾಚ್‌ಗೂ ಇನ್ನೊಂದಕ್ಕೂ ಎಷ್ಟು ದಿನ ಅಂತರ, ಇವನ್ನೆಲ್ಲ ತೀರ್ಮಾನಿಸುವುದು ಬಹುಪಾಲು ಕಂಪನಿ. ತೀರ್ಮಾನ ತಪ್ಪಾದರೆ ಅದು ಕಾಣಿಸುವುದು ರೈತನ ಎಫ್‌ಸಿಆರ್‌ನಲ್ಲಿ. ಮರಿಗೆ ಬೇಡಿಕೆ ಇರುವಾಗ ಇಪ್ಪತ್ತು ದಿನ ಖಾಲಿ ಇರಬೇಕಾದ ಶೆಡ್‌ಗೆ ಹತ್ತೇ ದಿನಕ್ಕೆ ಮರಿ ಬಂದರೆ, ಹಿಂದಿನ ಬ್ಯಾಚಿನ ವೈರಸ್ ಹೊಸ ಮರಿಯನ್ನು ಬಾಗಿಲಲ್ಲೇ ಸ್ವಾಗತಿಸುತ್ತದೆ. ರೈತನ ತಪ್ಪುಗಳೇ ಇಲ್ಲ ಅನ್ನುತ್ತಿಲ್ಲ. ಬ್ರೂಡಿಂಗ್ ಬಿಸಿ ಸಾಲದೆ ನಡುಗಿದ ಮರಿ ಫೀಡ್ ಮುಟ್ಟುವುದಿಲ್ಲ, ಕರುಳೂ ಬೆಳೆಯುವುದಿಲ್ಲ. ಅದಕ್ಕೆ ವೈರಸ್ ಬೇಕಾಗಿಲ್ಲ. ಬೂಸಲು ಹಿಡಿದ ಜೋಳದ ವಿಷ, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ, ಗಂಬೋರೋ ಎಂಬ ಇನ್ನೊಂದು ವೈರಸ್ ಕಾಯಿಲೆ ಕೂಡ ಇದೇ ಥರದ ಚಿತ್ರ ತೋರಿಸಬಲ್ಲವು. ಆದರೆ ತಪ್ಪು ಯಾರದ್ದು ಅಂತ ನೋಡದೆಯೇ ಬಿಲ್ ಒಬ್ಬರ ಹೆಸರಿಗೆ ಹೋಗುವುದು ನ್ಯಾಯ ಅಲ್ಲ.

ಕುಳ್ಳ ಮರಿ ಕಂಡ ತಕ್ಷಣ ನೀರಿಗೆ ಆಂಟಿಬಯೋಟಿಕ್ ಹಾಕುವ ರೂಢಿ ಇದೆ. ಯಾವ ಆಂಟಿಬಯೋಟಿಕ್ ಕೂಡ ವೈರಸ್ ಕೊಲ್ಲುವುದಿಲ್ಲ. ವೈರಸ್ ಕೆಡಿಸಿದ ಕರುಳಿನ ಮೇಲೆ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾ ಕೂತಾಗ ಅದಕ್ಕೆ ಒಂದು ಪಾತ್ರ ಇರಬಹುದು, ಅದನ್ನು ವೈದ್ಯರು ನೋಡಿ ಹೇಳಬೇಕು. ಸುಮ್ನೆ ಹಾಕಿದರೆ ಹೋಗುವುದು ದುಡ್ಡು, ಉಳಿಯುವುದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ. ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರವಾಗಿ ಇಟ್ಟುಕೊಂಡ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಲ್ಲಿಸಿತು. ಯುರೋಪಿನ ಒಕ್ಕೂಟ ಬೆಳವಣಿಗೆಗೆಂದು ಫೀಡಿನಲ್ಲಿ ಆಂಟಿಬಯೋಟಿಕ್ ಹಾಕುವುದನ್ನು 2006ರಲ್ಲೇ ಪೂರ್ತಿ ನಿಲ್ಲಿಸಿತ್ತು. ಆ ಊರುಗೋಲು ಹೋದ ಮೇಲೆಯೇ ಕರುಳಿನ ಆರೋಗ್ಯದ ಕಡೆ ಗಮನ ಹರಿದದ್ದು.

ಲಸಿಕೆ? ರಿಯೋಗೆ ಇದೆ. ತಾಯಿ ಹಿಂಡಿಗೆ ಹಾಕಿದರೆ ಮರಿಗೆ ಪ್ರತಿಕಾಯ ಸಿಗುತ್ತದೆ. ಆದರೆ ಹಳೆಯ ಲಸಿಕೆಗೆ ಬಗ್ಗದ ಹೊಸ ರಿಯೋ ತಳಿಗಳು ಕಳೆದ ಹದಿನೈದು ವರ್ಷಗಳಲ್ಲಿ ಹಲವು ದೇಶಗಳಲ್ಲಿ ಕಾಣಿಸಿಕೊಂಡಿವೆ. ಕೋಳಿಯ ರೋಟಾ, ಪಾರ್ವೋಗೆ ಎಲ್ಲೆಡೆ ಬಳಕೆಯಲ್ಲಿರುವ ಲಸಿಕೆ ಇಲ್ಲ. ಆಸ್ಟ್ರೋ ಲಸಿಕೆಯ ಪ್ರಯತ್ನಗಳು ನಡೆದಿವೆ. ಜಾರ್ಜಿಯಾದಲ್ಲಿ ಮಾಡಿ ನೋಡಿದ ಒಂದು ಲಸಿಕೆ ಅರೆಬರೆ ರಕ್ಷಣೆ ಕೊಟ್ಟಿತು.

ಹಾಗಾಗಿ ಉಳಿಯುವುದು ಶೆಡ್ ತೊಳೆಯುವ ಕೆಲಸ. ಅದರಲ್ಲೂ ಒಂದು ಮರ್ಮ ಇದೆ. ಕೊರೊನಾ ಕಾಲದಲ್ಲಿ ಸೋಪು ಹಚ್ಚಿ ಕೈ ತೊಳೆಯಿರಿ ಅಂದರು. ಆ ವೈರಸ್‌ಗೆ ಕೊಬ್ಬಿನ ಹೊದಿಕೆ ಇತ್ತು, ಸೋಪು ಅದನ್ನು ಕರಗಿಸುತ್ತಿತ್ತು. ರೋಟಾ, ರಿಯೋ, ಆಸ್ಟ್ರೋ, ಪಾರ್ವೋ ನಾಲ್ಕಕ್ಕೂ ಆ ಹೊದಿಕೆ ಇಲ್ಲ. ಸೋಪಿನ ನೀರು ಅವನ್ನು ಜಾಗದಿಂದ ಸರಿಸಬಹುದು, ಕೊಲ್ಲುವುದು ಕಷ್ಟ. ಫಾರ್ಮಾಲಿನ್, ಗ್ಲುಟರಾಲ್ಡಿಹೈಡ್‌ನಂಥವು ಕೆಲಸ ಮಾಡುತ್ತವೆ. ಆದರೆ ಹಿಕ್ಕೆ ಅಂಟಿಕೊಂಡ ನೆಲದ ಮೇಲೆ ಹೊಡೆದರೆ ಹಿಕ್ಕೆಯೇ ಔಷಧಿಯ ಶಕ್ತಿಯನ್ನು ತಿಂದುಹಾಕುತ್ತದೆ. ಮೊದಲು ಕೆರೆದು, ತೊಳೆದು, ಒಣಗಿಸಿ, ಆಮೇಲೆ ಔಷಧಿ. ನೀರಿನ ಪೈಪಿನ ಒಳಗಿನ ಲೋಳೆಯನ್ನೂ ಮರೆಯಬಾರದು.

ಲಿಟ್ಟರ್‌ನಲ್ಲಿ ಓಡಾಡುವ ಸಣ್ಣ ಕಪ್ಪು ಜೀರುಂಡೆಗಳನ್ನು ನೋಡಿರುತ್ತೀರಿ. ಶೆಡ್ ತೊಳೆಯುವಾಗ ಅವು ಗೋಡೆ ಬಿರುಕಿನಲ್ಲಿ ಅಡಗಿ ಕೂತು, ಹೊಸ ಹೊಟ್ಟು ಹರಡಿದ ಮೇಲೆ ಹೊರಗೆ ಬರುತ್ತವೆ, ವೈರಸ್ ಸಮೇತ. ಮರಿ ಅದನ್ನು ಕುಕ್ಕಿ ತಿಂದರೆ ಮುಗಿಯಿತು. ಇನ್ನು ನಮ್ಮ ಕಡೆ ಹಳೆ ಲಿಟ್ಟರ್ ತೋಟಗಳಿಗೆ ಕೋಳಿ ಗೊಬ್ಬರವಾಗಿ ಹೋಗುತ್ತದೆ. ಟಾರ್ಪಾಲು ಹೊದಿಸದ ಟ್ರ್ಯಾಕ್ಟರ್ ದಾರಿಯಲ್ಲಿರುವ ಬೇರೆ ಫಾರಂಗಳ ಮುಂದೆ ಉದುರಿಸಿಕೊಂಡೇ ಹೋಗುತ್ತದೆ. ಖಾಲಿ ಫೀಡ್ ಚೀಲಗಳೂ ಒಂದು ಫಾರಂನಿಂದ ಇನ್ನೊಂದಕ್ಕೆ ಓಡಾಡುತ್ತವೆ.

ಚಿಕನ್ ತಿನ್ನುವವರು ಇದನ್ನು ಓದಿ ಗಾಬರಿ ಆಗಬೇಕಿಲ್ಲ. ಚೆನ್ನಾಗಿ ಬೆಂದ ಮಾಂಸದಲ್ಲಿ ಈ ವೈರಸ್‌ಗಳು ಉಳಿಯುವುದಿಲ್ಲ.

ಪರೀಕ್ಷೆಗೆ ಕೊಡುವವರು ಸತ್ತ ಮರಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುವುದು ಸಾಮಾನ್ಯ. ಸತ್ತ ಸ್ವಲ್ಪ ಹೊತ್ತಿಗೇ ಕರುಳು ಕೊಳೆಯಲು ಶುರುವಾಗುತ್ತದೆ, ಊದಿದ ಗುಳಿಯೂ ಕೊಳೆತ ಗುಳಿಯೂ ಒಂದೇ ಥರ ಕಾಣುತ್ತವೆ. ಆರರಿಂದ ಹನ್ನೆರಡು ದಿನದೊಳಗಿನ, ಜೀವ ಇರುವ ನಾಲ್ಕೈದು ಕುಳ್ಳ ಮರಿಗಳನ್ನು ಒಯ್ಯಬೇಕು. ಜೊತೆಗೆ ಅದೇ ಶೆಡ್ಡಿನ ಎರಡು ಚೆನ್ನಾಗಿರುವ ಮರಿಗಳನ್ನೂ ಒಯ್ಯಬೇಕು, ಹೋಲಿಸಿ ನೋಡಲು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಕರುಳಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಲ್ಲವರು ಇದ್ದಾರೆ. ಬರೀ ಪಿಸಿಆರ್ ಚೀಟಿಗಿಂತ ಆ ನೋಟಕ್ಕೆ ಬೆಲೆ ಜಾಸ್ತಿ.

ಇನ್ನೊಂದು ಪರೀಕ್ಷೆಗೆ ತಕ್ಕಡಿ ಸಾಕು. ಏಳನೇ ದಿನ ಶೆಡ್ಡಿನ ಬೇರೆ ಬೇರೆ ಮೂಲೆಗಳಿಂದ ನೂರು ಮರಿ ಹಿಡಿದು, ಒಂದೊಂದನ್ನೇ ತೂಗಿ, ಬರೆದಿಟ್ಟುಕೊಳ್ಳಿ. ಸರಾಸರಿ ಒಂದೇ ಸಾಲದು, ಎಷ್ಟು ಮರಿ ತೀರಾ ಕೆಳಗಿವೆ ಅಂತ ನೋಡಬೇಕು. ತೂಕದ ಪಟ್ಟಿ ಕೈಯಲ್ಲಿದ್ದರೆ ಕಂಪನಿಯ ಸೂಪರ್‌ವೈಸರ್ ಬಂದಾಗ ಎರಡು ಪ್ರಶ್ನೆ ಕೇಳಬಹುದು. ಈ ಮರಿಗಳ ತಾಯಿ ಹಿಂಡಿನ ವಯಸ್ಸೆಷ್ಟು? ಅದೇ ಹಿಂಡಿನ ಮರಿ ಇನ್ನು ಯಾರ್ಯಾರ ಶೆಡ್‌ಗೆ ಹೋದವು? ಆ ಶೆಡ್‌ಗಳಲ್ಲೂ ಕುಳ್ಳ ಮರಿ ಬಂದಿದ್ದರೆ ಹುಡುಕಬೇಕಾದ್ದು ಹ್ಯಾಚರಿಯ ಹಿಂದೆ. ನಿಮ್ಮ ಶೆಡ್‌ನಲ್ಲಿ ಮಾತ್ರ ಬಂದಿದ್ದರೆ ನೆಲ ಕೆರೆಯಬೇಕಾದವರು ನೀವೇ.